ವಾಸನೆಯಿಲ್ಲದ ಸೋಪು

ಬಸ್ ಗ್ಯಾರೇಜಿನ ಮೆಕ್ಯಾನಿಕ್‌ಗೆ ಹೆಂಡತಿ ಇಟ್ಟ ಹೆಸರು ಗ್ರೀಸಪ್ಪ. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಅವನ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ, ಅವಳ ತಮಾಷೆಯೂ ನಿಂತಿರಲಿಲ್ಲ. ಹೊಟ್ಟೆಯ ಗೆಡ್ಡೆಗೆ ಔಷಧಿ ಶುರುವಾದ ಮೇಲೆ ಮಾತ್ರ ಅವಳಿಗೆ ಯಾವ ವಾಸನೆಯೂ ಆಗದಂತಾಯಿತು. ಹುರಿದ ಈರುಳ್ಳಿ, ಸೋಪು, ತಲೆಗೆ ಹಚ್ಚುವ ಎಣ್ಣೆ, ಎಲ್ಲಕ್ಕೂ ವಾಂತಿ. ಕೊನೆಗೆ ಗಂಡ ಬಾಗಿಲಲ್ಲಿ ನಿಂತರೂ ಹೊಟ್ಟೆ ತೊಳಸುತ್ತಿತ್ತು. ಅವನು ಹಾಸಿಗೆ ಎತ್ತಿಕೊಂಡು ನಡುಮನೆಗೆ ಬಂದ. ಗೋಡೆಯಾಚೆ ಅವಳು ನರಳುವುದನ್ನು ಕೇಳುತ್ತಾ ಬಿದ್ದುಕೊಳ್ಳುವುದಷ್ಟೇ ಅವನ ಪಾಲಿಗೆ ಉಳಿಯಿತು.

ಗ್ಯಾರೇಜಿನ ಎದುರು ನೈಸರ್ಗಿಕ ಆಹಾರದ ಅಂಗಡಿಯೊಂದಿತ್ತು. ಗ್ಯಾರೇಜಿನವರೆಲ್ಲ ಅದನ್ನು ಹುಲ್ಲಂಗಡಿ ಎಂದು ಆಡಿಕೊಳ್ಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಇವನೇ. ಒಂದು ಮಧ್ಯಾಹ್ನ ನಾಚಿಕೆ ಬಿಟ್ಟು ಒಳಗೆ ಹೋದ. ನಡುವಯಸ್ಸಿನ ಅಂಗಡಿಯಾಕೆ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ವಾಸಿ ಮಾಡೋ ಅಂಥದ್ದು ನನ್ನ ಹತ್ರ ಏನೂ ಇಲ್ಲಣ್ಣ. ಯಾರಾದ್ರೂ ಇದೆ ಅಂದ್ರೆ ನಂಬಬೇಡಿ. ನಿಮ್ಮ ಮನೆಯವರ ಹತ್ರ ಕೂತ್ಕೊಳ್ಳೋ ಹಾಗಾದ್ರೆ ಸಾಕು ಅಂತೀರಾ, ಹುಡುಕೋಣ."

ವಾಸನೆಯಿಲ್ಲದ ಸೋಪು ಕೊಟ್ಟಳು, ಬಟ್ಟೆಗೂ ಅಂಥದ್ದೇ ಪುಡಿ. ಬಾರ್ಲಿ ಗಂಜಿಯನ್ನು ಆರಿಸಿಯೇ ಕೊಡಬೇಕು, ಬಿಸಿಯಿದ್ದರೆ ಮೂಗಿಗೆ ಹೊಡೆಯುತ್ತದೆ ಎಂದಳು. ಕಾಲಿಗೆ ಹಚ್ಚುವ ತೆಳು ಎಣ್ಣೆಯನ್ನು ಮಾತ್ರ ಡಾಕ್ಟರನ್ನು ಕೇಳಿಯೇ ಬಳಸಿ ಎಂದಳು. ಡಾಕ್ಟರು ಅಡ್ಡಿಯಿಲ್ಲವೆಂದರು.

ಅವನು ಗ್ಯಾರೇಜಿನ ನಲ್ಲಿಯಲ್ಲೇ ಮೂರು ಸಲ ಮೈ ತೊಳೆದು, ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಬರತೊಡಗಿದ. ನಾಲ್ಕನೆಯ ದಿನ ಅವಳ ಬಾಗಿಲು ದಾಟಿದ. ಮರುದಿನ ಮಂಚದ ತುದಿಗೆ ಕೂತು, ಬಿರಿದ ಅವಳ ಹಿಮ್ಮಡಿಗೆ ಎಣ್ಣೆ ಸವರಿದ. ಅವಳು ಅರ್ಧ ಲೋಟ ಗಂಜಿ ಕುಡಿದಳು. ಅವನಿಗೆ ಹೋದ ಜೀವ ಬಂದಂತಾಯಿತು. ಹೀಗೆ ಹನ್ನೊಂದು ದಿನ.

ಆಮೇಲೊಂದು ಸಂಜೆ ಅವಳು ಅವನ ಕೈಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡವಳು ಅಳತೊಡಗಿದಳು.

"ನಿಮ್ಮ ವಾಸನೆನೇ ಇಲ್ಲ ಕಣ್ರೀ. ಕಣ್ಣು ಮುಚ್ಚಿದ್ರೆ ಯಾರೋ ನರ್ಸ್ ಕೂತ ಹಾಗಿರುತ್ತೆ. ನಾಳೆ ತೊಳ್ಕೊಳ್ಳದೆ ಹಾಗೇ ಬಂದ್ಬಿಡಿ."

"ವಾಂತಿ ಆಗುತ್ತಲ್ಲೇ."

"ಆಗ್ಲಿ. ಅದು ಅಭ್ಯಾಸ ಆಗಿದೆ. ನೀವಿಲ್ಲದ್ದು ಅಭ್ಯಾಸ ಆಗ್ತಿಲ್ಲ."

ಮರುದಿನ ಅವನು ಕೈಯನ್ನೂ ತೊಳೆಯದೆ ಬಂದ. ಅವಳು ಡೀಸೆಲ್ ಹಿಡಿದ ಅಂಗಿಯಲ್ಲಿ ಮುಖ ಹುದುಗಿಸಿದಳು. ಎರಡು ಸಲ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, ಮತ್ತೆ ಅಲ್ಲೇ ಮುಖವಿಟ್ಟಳು. ತೊಳೆದುಕೊಂಡು ಬರುತ್ತೇನೆಂದು ಅವನು ಏಳಹೋದರೆ ಬಿಡಲಿಲ್ಲ. ಹಾಗೇ ನಿದ್ದೆ ಹೋದಳು.

ಆ ವಾರ ಮುಗಿಯುವುದರೊಳಗೆ ಅವಳು ತೀರಿಕೊಂಡಳು.

ಅವನು ಕೆಲಸಕ್ಕೆ ಮರಳಿದ ದಿನ, ಕ್ಲಚ್ ಬಿಚ್ಚಬೇಕಾದ ಬಸ್ಸೊಂದು ಕಾದಿತ್ತು. ಸ್ಪ್ಯಾನರ್ ಹಿಡಿದು ಅದರ ಕೆಳಗೆ ಜಾರಿಕೊಂಡ. ಎಷ್ಟು ಹೊತ್ತಾದರೂ ಒಳಗಿಂದ ನಟ್ಟು ಬಿಚ್ಚುವ ಸದ್ದು ಬರಲಿಲ್ಲ. ಮೇಸ್ತ್ರಿ ಬಗ್ಗಿ ನೋಡಿದ. ಯಾರೂ ಆ ಕಡೆ ಬಾರದ ಹಾಗೆ, ಬಸ್ಸಿಗೆ ಬೆನ್ನು ಕೊಟ್ಟು ನಿಂತುಕೊಂಡ.