ಶನಿವಾರ ಮಧ್ಯಾಹ್ನದ ಸೈರನ್

ಶನಿವಾರ ಹನ್ನೆರಡಕ್ಕೆ ಸರಿಯಾಗಿ ಸೈರನ್ ಕೂಗಿತು. ಡೆಲ್ಬರ್ಟ್ ತನ್ನ ಬೀನ್ಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಕ್ಲಹೋಮಾದ ಆ ಊರಿನಲ್ಲಿ ಪ್ರತಿ ಶನಿವಾರ ಆ ಹೊತ್ತಿಗೆ ಸುಂಟರಗಾಳಿ ಎಚ್ಚರಿಕೆಯ ಸೈರನ್ ಪರೀಕ್ಷೆ. ಜನ ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆಯೇ ಹೊರತು ಓಡುವುದಿಲ್ಲ.

ಅವನ ಹೆಂಡತಿ ಲೊರೀನಾ ಕಿಟಕಿಯತ್ತ ನೋಡಿದಳು. ನೈಋತ್ಯದಲ್ಲಿ ಮೋಡ ಹಸಿರುಗಟ್ಟಿತ್ತು. ಅವಳು ಈ ಮನೆಗೆ ಬಂದ ಮೇಲೆ ಮೂರು ಸಲ ಸುಂಟರಗಾಳಿ ಬಂದದ್ದೂ ಅದೇ ದಿಕ್ಕಿನಿಂದ, ಹಳ್ಳದ ಗುಂಟ, ಈ ಬೀದಿಯನ್ನೇ ಹಿಡಿದು.

"ಮೋಡ ಕವಿದ ದಿನ ಪರೀಕ್ಷೆ ಮಾಡಲ್ಲ, ಡೆಲ್. ಜನ ಗಲಿಬಿಲಿಗೊಳ್ತಾರೆ ಅಂತ."

"ಯಾರೋ ಮರೆತು ಒತ್ತಿರ್ತಾರೆ. ಕೂತ್ಕೋ, ಊಟ ಆರಿಹೋಗುತ್ತೆ."

ಪರೀಕ್ಷೆ ಒಂದೇ ನಿಮಿಷದ್ದು. ಲೊರೀನಾ ಗೋಡೆ ಗಡಿಯಾರದ ಮುಳ್ಳನ್ನೇ ನೋಡಿದಳು. ನಿಮಿಷ ದಾಟಿತು, ಕೂಗು ನಿಲ್ಲಲಿಲ್ಲ. ಅವಳು ಮಂಡಿಯೂರಿ ಅವನ ಕಾಲಿಗೆ ಬೂಟು ತೊಡಿಸತೊಡಗಿದಳು. ಗಾಳಿ ಹೋದ ಮೇಲೆ ಬರಿಗಾಲಲ್ಲಿ ಒಡೆದ ಗಾಜು ತುಳಿದ ನೆನಪು ಆ ಬೀದಿಯಲ್ಲಿ ಯಾರಿಗೂ ಮಾಸಿರಲಿಲ್ಲ.

"ನೀ ಹೋಗು," ಎಂದ ಡೆಲ್ಬರ್ಟ್. ಈಗ ಪರೀಕ್ಷೆಯ ಮಾತೆತ್ತಲಿಲ್ಲ. "ಹಿತ್ತಲ ನೆಲಮಾಳಿಗೆಗೆ ಒಂಬತ್ತು ಮೆಟ್ಟಿಲು. ಲಕ್ವಾ ಹೊಡೆದಾಗಿನಿಂದ ಒಂದೂ ಇಳಿದಿಲ್ಲ ನಾನು. ನನ್ನ ಹಿಡ್ಕೊಂಡು ನೀನೂ ಬೀಳ್ತೀಯ."

ಲೊರೀನಾ ಎರಡನೇ ಬೂಟಿನ ದಾರ ಕಟ್ಟಿ ಮುಗಿಸಿದಳು. ಕುರ್ಚಿ ಎಳೆದು ಅವನೆದುರು ಕೂತು, ಮೆಕ್ಕೆಜೋಳದ ಬ್ರೆಡ್ ಮುರಿದು ಬೆಣ್ಣೆ ಸವರಿದಳು.

"ಏನ್ ಮಾಡ್ತಿದ್ದೀಯ?"

"ಊಟ. ಆರಿಹೋಗುತ್ತೆ ಅಂದ್ಯಲ್ಲ."

ಅವನು ಅವಳನ್ನು ದಿಟ್ಟಿಸಿದ. ಅವಳು ಇನ್ನೊಂದು ತುಂಡಿಗೆ ಬೆಣ್ಣೆ ಸವರಿದಳು.

"ನಲವತ್ತಾರು ವರ್ಷದಿಂದ ಇದೇ ಆಟ ಆಡ್ತೀಯ ಮಾರಾಯ್ತಿ," ಎಂದು ಅವನು ಮೇಜು ಹಿಡಿದು ಎದ್ದ.

ಹಿತ್ತಲಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನೆಲಮಾಳಿಗೆಯ ಬಾಯಲ್ಲಿ ಡೆಲ್ಬರ್ಟ್ ಕುಳಿತು, ಕೂಸಿನ ಹಾಗೆ ಅಂಡೂರಿಕೊಂಡು ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿದ. ಲೊರೀನಾ ಕೆಳಗಿನ ಮೆಟ್ಟಿಲಲ್ಲಿ ನಿಂತು, ಜಡವಾದ ಅವನ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಇಡುತ್ತ ಹಿಮ್ಮುಖವಾಗಿ ಇಳಿದಳು.

"ಪ್ಯಾಂಟು ಹರೀತು," ಎಂದ ಐದನೆಯದರಲ್ಲಿ.

"ಹೊಲಿಯೋಣ ಬಾ."

ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೇಲೆ ಹೋಗಿ ಬಾಗಿಲು ಎಳೆದು ಅಗುಳಿ ಹಾಕಿ ಬರುವಷ್ಟರಲ್ಲಿ ಗಾಳಿಯ ಒತ್ತಡಕ್ಕೆ ಅವಳ ಕಿವಿ ಕಟ್ಟಿದಂತಾಯಿತು. ಕತ್ತಲಲ್ಲಿ ಅವನು ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ಬಗ್ಗಿದ. ಮೇಲೆ ಏನೇನೋ ಮುರಿಯಿತು. ಮನೆಯೇ ಇರಬೇಕು ಎಂದುಕೊಂಡಳು.

ಸದ್ದು ಅಡಗಿ ಬಹಳ ಹೊತ್ತಾದ ಮೇಲೆ ಯಾರೋ ಬಾಗಿಲು ಬಡಿದರು. ಗಾಳಿ ಹಾದ ದಾರಿಗುಂಟ ನೆಲಮಾಳಿಗೆಗಳ ಬಾಗಿಲು ತಟ್ಟುತ್ತ, ತಲೆ ಎಣಿಸುತ್ತ ಬರುವುದು ಆ ಊರಿನ ರೂಢಿ.

"ಲೊರೀನಾ, ಕೆಳಗೆ ಎಷ್ಟು ಜನ?" ಪಕ್ಕದ ಮನೆಯ ರೂಬೆನ್‌ನ ದನಿ.

ಅವಳು ಬಾಯಿ ತೆರೆಯುವ ಮೊದಲೇ ಡೆಲ್ಬರ್ಟ್ ಕೂಗಿದ, "ಇಬ್ಬರು ಕಣಯ್ಯಾ. ಮೇಲೆತ್ತೋಕೆ ಮಾತ್ರ ನಾಲ್ಕು ಜನ ಬೇಕು."