ಎಂಟನೆಯ ಸ್ವರ

ಬೇಸ್ ಗಿಟಾರಿನಲ್ಲಿ ಸ್ವರ ಹುಟ್ಟಿಸಲು ಎರಡು ದಾರಿಗಳಿವೆ. ಬಲಗೈಯಲ್ಲಿ ಪಿಕ್ ಎಂಬ ಪುಟ್ಟ ಬಿಲ್ಲೆ ಹಿಡಿದು ಒಂದೊಂದು ಸ್ವರವನ್ನೂ ಮೀಟಬಹುದು. ಇಲ್ಲವೇ ಒಮ್ಮೆ ಮೀಟಿ, ತಂತಿ ಇನ್ನೂ ನಡುಗುತ್ತಿರುವಾಗಲೇ ಎಡಗೈ ಬೆರಳುಗಳನ್ನು ಒತ್ತಿ, ಎಳೆದು, ಉಳಿದ ಸ್ವರಗಳನ್ನು ಅದರಿಂದಲೇ ತೆಗೆಯಬಹುದು. ಇದಕ್ಕೆ ಲೆಗಾಟೊ ಎನ್ನುತ್ತಾರೆ. ಮೀಟಿದ ಸ್ವರಕ್ಕೆ ಮೊನೆ ಇರುತ್ತದೆ. ಲೆಗಾಟೊದಲ್ಲಿ ಬಂದ ಸ್ವರಕ್ಕೆ ಇರುವುದಿಲ್ಲ. ಅದು ಯಾವ ಗಳಿಗೆಯಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಹನ್ನೊಂದು ತಿಂಗಳಿಂದ ನಾನು ಆದಷ್ಟೂ ಲೆಗಾಟೊದಲ್ಲೇ ನುಡಿಸುತ್ತಿದ್ದೇನೆ.

ನಮ್ಮದು ಸರ್ಕಸ್ಸಿನ ಬ್ಯಾಂಡು. ನನ್ನ ಗಂಡ ಉಯ್ಯಾಲೆ ಹಿಡಿದು ಹಾರುತ್ತಿದ್ದ. ಅವನ ಅಣ್ಣ, ನನ್ನ ಭಾವ, ಎದುರಿನ ಉಯ್ಯಾಲೆಯಲ್ಲಿ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತ ಅವನನ್ನು ಹಿಡಿಯುತ್ತಿದ್ದರು. ಕೊನೆಯ ಹಾರಾಟ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು. ಅದು ಹೇಗೆ ಸಾಧ್ಯ ಎಂದು ಜನ ತಲೆ ಕೆರೆದುಕೊಳ್ಳುತ್ತಿದ್ದರು. ಗುಟ್ಟು ಇಷ್ಟೇ. ಬೇಸಿನ ಸ್ಪೀಕರನ್ನು ಹಾರುವವರ ಕಂಬದ ಬುಡಕ್ಕೆ ಬೋಲ್ಟು ಹಾಕಿ ಬಿಗಿದಿದ್ದೆವು. ದಪ್ಪ ತಂತಿಯ ಸ್ವರ ಉಕ್ಕಿನ ಕಂಬ ಹತ್ತಿ, ಮೇಲಿನ ಹಲಗೆಯಲ್ಲಿ ನಿಂತವನ ಅಂಗಾಲನ್ನು ತಟ್ಟುತ್ತಿತ್ತು. ಮೇಲಿಂದ ಕೆಳಕ್ಕಿಳಿಯುವ ಎಂಟು ಸ್ವರಗಳು. ಎಂಟನೆಯದು ಅಂಗಾಲಿಗೆ ತಾಕಿದ ಕೂಡಲೇ ಹಲಗೆ ಬಿಡಬೇಕು. ಆಗ ಭಾವನ ಉಯ್ಯಾಲೆ ಸರಿಯಾದ ಹೊತ್ತಿಗೆ ಎದುರಿಗೆ ಬರುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಆ ಉಪಾಯ ನನ್ನದೇ.

ನನ್ನ ನಾದಿನಿಯನ್ನು, ಅವರಿಬ್ಬರ ತಂಗಿಯನ್ನು, ಎಲ್ಲರೂ ಗುಬ್ಬಿ ಎಂದು ಕರೆಯುತ್ತಾರೆ. ಅವಳಿಗೆ ಇಪ್ಪತ್ತೆರಡು. ಸೋಮವಾರ ಬೆಳಿಗ್ಗೆ ನನ್ನ ವ್ಯಾನಿನ ಬಾಗಿಲಲ್ಲಿ ನಿಂತು, ಹಲ್ಲುಜ್ಜುತ್ತಲೇ ಹೇಳಿದಳು.

“ಅತ್ತಿಗೆ, ಇವತ್ತು ಮಧ್ಯಾಹ್ನ ಕಣ್ಣು ಕಟ್ಕೊಂಡು ಹಾರ್ತೀನಿ.”

“ಹಗ್ಗ?”

“ನಾಲ್ಕು ದಿನ ಕಣ್ಣು ಬಿಟ್ಕೊಂಡು, ಹಗ್ಗ ಕಟ್ಕೊಂಡು ಹಾರಿದ್ದಾಯ್ತಲ್ಲ. ಇನ್ನೂ ಸೊಂಟಕ್ಕೆ ಹಗ್ಗ ಕಟ್ಕೊಳೋಕೆ ನಾನೇನು ಬಾವಿಗೆ ಬಿಡೋ ಕೊಡಾನಾ? ಕೆಳಗೆ ಬಲೆ ಇದೆ.”

ಬಲೆ ಅವತ್ತೂ ಇತ್ತು, ಹನ್ನೊಂದು ತಿಂಗಳ ಹಿಂದೆ. ನನ್ನ ಗಂಡ ಭಾವನ ಬೆರಳ ತುದಿಗೆ ತಾಕಿ, ಬುಗುರಿಯಂತೆ ತಿರುಗಿ, ಬಲೆಯ ಅಂಚಿನ ಕಬ್ಬಿಣದ ಮೇಲೆ ಬಿದ್ದು ಪ್ರಾಣ ಬಿಟ್ಟಿದ್ದ.

“ಬೇಸನ್ನು ಮೇಷ್ಟ್ರು ನುಡಿಸಲಿ,” ಎಂದೆ. ಮೇಷ್ಟ್ರು ಎಂದರೆ ನಮ್ಮ ಬ್ಯಾಂಡಿನ ಹಿರಿಯರು, ಕೀಬೋರ್ಡ್ ನುಡಿಸುವವರು.

“ಮೇಷ್ಟ್ರ ಕೈ ನನ್ನ ಕಾಲಿಗೆ ಗೊತ್ತಿಲ್ಲ,” ಎಂದು ಗುಬ್ಬಿ ಬಾಯಿ ಮುಕ್ಕಳಿಸಲು ಹೋದಳು.

ಅವಳಿಗೆ ಗೊತ್ತಿಲ್ಲದ್ದು ಒಂದಿದೆ ಎಂದು ಆಗ ನಾನು ತಿಳಿದಿದ್ದೆ.

ನನ್ನ ಗಂಡನಿಗೆ ಆ ಎಂಟು ಸ್ವರ ಲೆಗಾಟೊದಲ್ಲೇ ಇಷ್ಟ. “ಮೀಟಿದ್ರೆ ಮೊಳೆ ಹೊಡೆದ ಹಾಗಿರುತ್ತೆ ಕಣೆ. ಜಾರಿಸಿದ್ರೆ ಯಾರೋ ನಮ್ಮನೆ ಮೆಟ್ಟಿಲು ಇಳಿದು ಬರೋ ಹಾಗಿರುತ್ತೆ,” ಎನ್ನುತ್ತಿದ್ದ. ಮೇಷ್ಟ್ರು ಮಾತ್ರ ಪ್ರತಿ ಸಲವೂ ಎಚ್ಚರಿಸುತ್ತಿದ್ದರು. “ಏಳರವರೆಗೆ ನಿಮ್ಮಿಷ್ಟ. ಎಂಟನೇದು ಮೀಟಲೇಬೇಕು.” ನಾನು ಹಾಗೇ ಮಾಡುತ್ತಿದ್ದೆ. ಅವತ್ತು ಎಡಗೈ ತನ್ನ ಲಹರಿಯಲ್ಲಿತ್ತು. ಏಳನೆಯದರ ಮೇಲಿದ್ದ ಬೆರಳನ್ನು ಎಳೆದು ಬಿಟ್ಟಿತು. ದಪ್ಪ ತಂತಿ ತಾನಾಗಿಯೇ ನುಡಿಯಿತು. ಸ್ವರ ಸರಿಯಾಗಿತ್ತು, ತಾಳವೂ ಸರಿಯಾಗಿತ್ತು. ಮೊನೆ ಇರಲಿಲ್ಲ, ಅಷ್ಟೇ. ಮೇಲೆ ಅವನು ಅದಕ್ಕಾಗಿ ಕಾದ. ಕಣ್ಣು ಮಿಟುಕಿಸುವಷ್ಟು ಹೊತ್ತು ಕಾದು, ಆಮೇಲೆ ಹಾರಿದ. ಅಷ್ಟರಲ್ಲಿ ಭಾವನ ಉಯ್ಯಾಲೆ ಹಿಂದಕ್ಕೆ ಹೊರಟಿತ್ತು.

ತನ್ನ ಕೈ ಬೆವರಿತ್ತು ಎಂದು ಭಾವ ವಿಚಾರಣೆಯಲ್ಲಿ ಹೇಳಿದರು. ಅಂದಿನಿಂದ ಅವರ ಕೈಯಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ ಇರುತ್ತದೆ. ಊಟಕ್ಕೆ ಕೂತಾಗಲೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. ಎದುರಿಗೆ ಕೂತು ನಾನು ಅದನ್ನು ನೋಡುತ್ತೇನೆ. ಬಾಯಿ ಬಿಟ್ಟಿಲ್ಲ. ನನ್ನ ಬಲಗೈ ಮಾತ್ರ ಆಗಿನಿಂದ ದಪ್ಪ ತಂತಿಯ ಹತ್ತಿರ ಹೋದರೆ ಬೆರಳಗಲ ಮೇಲೇ ನಿಂತುಬಿಡುತ್ತದೆ.

ಮಧ್ಯಾಹ್ನ ಡೇರೆಯೊಳಗೆ ಖಾಲಿ ಕುರ್ಚಿಗಳ ಸಾಲು, ಮರದ ಪುಡಿಯ ವಾಸನೆ. ಸ್ಪೀಕರ್ ಹಾಕದೆ ಒಬ್ಬಳೇ ಕೂತು ಆ ಎಂಟು ಸ್ವರಗಳನ್ನು ಇಪ್ಪತ್ತು ಸಲ ನುಡಿಸಿದೆ. ಒಂಬತ್ತು ಸಲ ಕೈ ನಿಂತಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ಕಂಡಿತು. ಬಲಗೈ ನಿಂತಾಗಲೆಲ್ಲ ಎಡಗೈ ಸುಮ್ಮನಿರುತ್ತಿರಲಿಲ್ಲ. ನನ್ನನ್ನು ಕೇಳದೆ ಬೆರಳೆಳೆದು ಆ ಮೊನೆಯಿಲ್ಲದ ಸ್ವರವನ್ನು ಹೊರಡಿಸುತ್ತಿತ್ತು. ಎದ್ದು ಗುಬ್ಬಿಯ ಹತ್ತಿರ ಹೋದೆ.

ಅವಳು ಕಂಬದ ಬುಡದಲ್ಲಿ ಕೂತು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು.

“ಬೇಡ ಗುಬ್ಬಿ. ಇಪ್ಪತ್ತು ಸಲಕ್ಕೆ ಹನ್ನೊಂದು ಸಲ ಮಾತ್ರ ಕೈ ಬಂತು.”

“ಪಾಸಾಯ್ತಲ್ಲ. ನಾನು ಸ್ಕೂಲಲ್ಲಿ ಅಷ್ಟೂ ತಗೊಂಡಿರಲಿಲ್ಲ.”

“ಅವತ್ತು ನಾನು ಎಂಟನೇದು ಮೀಟಲಿಲ್ಲ,” ಎಂದೆ.

ಪಟ್ಟಿ ಸುತ್ತುವ ಕೈ ನಿಲ್ಲಲಿಲ್ಲ. “ಗೊತ್ತು,” ಎಂದಳು. “ಹಲಗೆ ಮೇಲೆ ಚಿಕ್ಕಣ್ಣನ ಹಿಂದೆ ನಾನೇ ನಿಂತಿದ್ದೆ. ನನ್ನ ಕಾಲಿಗೂ ಬರಲಿಲ್ಲ.”

ಕುಳಿತುಕೊಳ್ಳಬೇಕೆನಿಸಿತು. ಕೂತೆ.

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ನಡುವೆ ಎರಡು ಸಲ ಬೈಯೋಣ ಅಂತಲೇ ಬಂದೆ. ನಿನ್ನ ಮುಖ ನೋಡಿ, ಊಟ ಆಯ್ತಾ ಅಂತ ಕೇಳಿ ವಾಪಸ್ ಹೋದೆ.”

“ಗೊತ್ತಿದ್ದೂ ನಾನೇ ನುಡಿಸಬೇಕಾ?”

“ಬೇರೆಯವರಾದ್ರೆ ಮೀಟ್ತಾರೋ ಜಾರಿಸ್ತಾರೋ ಅಂತ ಮೇಲೆ ನಿಂತು ಯೋಚನೆ ಮಾಡ್ಬೇಕು. ನೀನಂತೂ ಈ ಜನ್ಮದಲ್ಲಿ ಎಂಟನೇದನ್ನ ಜಾರಿಸೋಲ್ಲ.” ಪಟ್ಟಿಯ ತುದಿಯನ್ನು ಹಲ್ಲಿನಿಂದ ಹರಿದಳು. “ಕೈ ಬರದಿದ್ರೆ ತಂತಿ ಅದುಮಿ ಸುಮ್ಮನಿರು. ಏನೂ ಬರದಿದ್ರೆ ನಾನು ಹಾರೋಲ್ಲ, ನಿಂತು ಕಾಲು ಕೆರ್ಕೋತೀನಿ. ಅರ್ಧಂಬರ್ಧ ಬಂದ್ರೆ ಮಾತ್ರ ನಂಗೆ ಭಯ.”

“ಭಾವನಿಗೆ?”

“ದೊಡ್ಡಣ್ಣನಿಗೆ ಹೇಳೋದು ನಿನ್ನ ಕೆಲಸ. ಮೊದಲು ನನ್ನ ಹಿಡೀಲಿ.” ಅವಳು ಏಣಿ ಹತ್ತಿದಳು.

ಮೇಲೆ ಅವಳು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಉಯ್ಯಾಲೆಯ ಕೋಲು ಹಿಡಿದಳು. ಎದುರಿಗೆ ಭಾವ ತಲೆಕೆಳಗಾಗಿ ತೂಗತೊಡಗಿದರು. ಮೇಷ್ಟ್ರು ನನ್ನತ್ತ ತಲೆಯಾಡಿಸಿದರು. ಅಭ್ಯಾಸದಂತೆ ಮೊದಲನೆಯದನ್ನು ಮೀಟಿ ಉಳಿದವನ್ನು ಜಾರಿಸುತ್ತ ಬಂದೆ. ಐದು, ಆರು, ಏಳು. ಬಲಗೈ ಇಳಿಯಿತು, ತಂತಿಗಿಂತ ಬೆರಳಗಲ ಮೇಲೇ ನಿಂತಿತು. ಎಡಗೈ ಬೆರಳು ಎಳೆಯಲು ಆಗಲೇ ಬಾಗುತ್ತಿತ್ತು. ಇಡೀ ಅಂಗೈಯನ್ನು ತಂತಿಗಳ ಮೇಲೆ ಬಡಿದು ಅದುಮಿ ಹಿಡಿದೆ. ಸ್ಪೀಕರ್ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು.

ಹಲಗೆಯ ಮೇಲೆ ಅವಳು ಅಲುಗಲಿಲ್ಲ. ಭಾವನ ಖಾಲಿ ಕೈಗಳು ಬಂದು ಹಿಂದಕ್ಕೆ ಹೋದವು.

“ಕಾಲು ಕೆರ್ಕೊಂಡಾಯ್ತು ಅತ್ತಿಗೆ,” ಮೇಲಿಂದ ದನಿ ಬಂತು.

“ಮತ್ತೆ ಮೊದಲಿಂದ,” ಎಂದರು ಮೇಷ್ಟ್ರು.

ಆರು ಸ್ವರ ಸುಮ್ಮನಿದ್ದ ಕೈಯನ್ನು ಎಂಟನೆಯದಕ್ಕೆ ಎಬ್ಬಿಸಲು ಹೋಗುತ್ತಿದ್ದೇನೆ ಎಂಬುದು ಆಗ ಹೊಳೆಯಿತು. ನಿಂತ ಕೈಗೆ ಇಳಿಯಲು ಭಯ. ನಡೆಯುತ್ತಿರುವ ಕೈಗೆ ನಿಲ್ಲಲು ಪುರಸೊತ್ತಿರುವುದಿಲ್ಲ. ಪಿಕ್ಕನ್ನು ಬಿಗಿಯಾಗಿ ಹಿಡಿದು ಎಂಟನ್ನೂ ಮೀಟಲು ನಿರ್ಧರಿಸಿದೆ. ಅವನಿಗೆ ಇಷ್ಟವಾಗುತ್ತಿರಲಿಲ್ಲ. ಮೊಳೆ ಹೊಡೆದ ಹಾಗೇ ಇತ್ತು. ಒಂದು, ಎರಡು, ಮೂರು, ಎಲ್ಲವೂ ಒಂದೇ ಅಂತರದಲ್ಲಿ, ಒರಟಾಗಿ. ಏಳರ ನಂತರ ಮೈಯೆಲ್ಲ ಬೇಡ ಎನ್ನುತ್ತಿತ್ತು. ಕೈ ಆಗಲೇ ಇಳಿದಿತ್ತು.

ಸ್ವರ ನನ್ನ ಅಂಗಾಲಿಗೂ ತಾಕಿತು.

ಹಲಗೆ ಕಿರ್ ಎಂದಿತು. ನಾನು ತಲೆಯೆತ್ತಲಿಲ್ಲ. ಗಾಳಿ ಸೀಳುವ ಸದ್ದು. ಆಮೇಲೆ ಸದ್ದೇ ಇಲ್ಲ. ಆ ಹೊತ್ತು ಎಷ್ಟೆಂದು ನನಗೆ ಲೆಕ್ಕ ಹಾಕಲು ಬರುತ್ತದೆ. ಒಂದು ಸೆಕೆಂಡಿಗಿಂತ ಕಡಿಮೆ. ಆಮೇಲೆ ಚಟ್ ಎಂದು ಅಂಗೈ ಮಣಿಕಟ್ಟನ್ನು ಹಿಡಿಯಿತು. ಬಿಳಿ ಪುಡಿ ಗಿಟಾರಿನ ಮೇಲೆ ಉದುರಿತು.

ಭಾವ ಇಳಿದು ಬಂದು ಬಲೆಯ ಅಂಚಿನಲ್ಲಿ ಕೂತರು. ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಗಿಟಾರನ್ನು ಕೆಳಗಿಟ್ಟು ಅವರ ಹತ್ತಿರ ಹೋದೆ. ಪಿಕ್ ಇನ್ನೂ ಬೆರಳುಗಳ ನಡುವೆಯೇ ಇತ್ತು.

“ಸರಿಯಾಗಿ ಹಿಡಿದೆನೇನಮ್ಮಾ?” ಎಂದು ಕೇಳಿದರು.

“ಹಿಡಿದಿರಿ ಭಾವ. ಅವತ್ತೂ ನೀವು ಸರಿಯಾದ ಹೊತ್ತಿಗೇ ಬಂದಿದ್ರಿ.”

ಅವರು ಕೈ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ಹಲಗೆಗೆ ಮರಳಿ ಏಣಿ ಇಳಿಯುತ್ತಿದ್ದ ಗುಬ್ಬಿ ಅರ್ಧದಲ್ಲೇ ನಿಂತಳು. ಪಿಕ್ಕನ್ನು ಅವರ ಪಕ್ಕದಲ್ಲಿಟ್ಟೆ. ಆಮೇಲೆ ಉಳಿದದ್ದನ್ನು ಹೇಳಿದೆ.