ಆಚೆ ಗುಡ್ಡದ ಹೊಗೆ

ಆ ಪುರಸಭೆಗೆ ನೆಲದ ಕೊರತೆ ಇರಲಿಲ್ಲ, ಇದ್ದದ್ದು ಜನರ ಕೊರತೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾದರೆ ಎರಡು ಗುಡ್ಡ ಹತ್ತಿ, ನಡುವಿನ ಕಣಿವೆಯನ್ನು ಇಳಿದು ದಾಟಬೇಕು. ಕಚೇರಿಯ ಗೋಡೆಯ ಮೇಲೆ ಊರಿನ ವಿಸ್ತೀರ್ಣವನ್ನು ಎಣ್ಣೆಬಣ್ಣದಲ್ಲಿ ಬರೆಸಿದ್ದರು. ಜನಸಂಖ್ಯೆಯನ್ನು ಮಾತ್ರ ಸೀಮೆಸುಣ್ಣದಲ್ಲಿ. ಅಳಿಸಿ ಬರೆಯುವುದಕ್ಕೆ ಸುಲಭವಾಗಲಿ ಅಂತ.

ಪಂಪ್‌ಹೌಸ್ ನೋಡಿಕೊಳ್ಳುವ ಅವಳು ದಿನವೂ ಬೆಳಿಗ್ಗೆ ಮೋಟರ್ ಹಾಕುವ ಮುಂಚೆ ಹೊರಗೆ ನಿಂತು ಆಚೆ ಗುಡ್ಡವನ್ನು ನೋಡುತ್ತಿದ್ದಳು. ಅಲ್ಲಿನ ಕೇರಿಗೆ ನೀರು ಹೋಗುವುದು ಇಲ್ಲಿಂದಲೇ. ಮೂರು ಮನೆಗಳಲ್ಲಾದರೂ ಒಲೆ ಉರಿಯುತ್ತಿದ್ದರೆ ಮಾತ್ರ ಅಷ್ಟೆತ್ತರಕ್ಕೆ ನೀರು ಕೊಡಬೇಕು ಎಂಬುದು ನಿಯಮ. ಅಲ್ಲಿಯವರೆಗೆ ಹತ್ತಿ ತಲೆ ಎಣಿಸುವವರು ಯಾರು? ಈಚೆಯಿಂದ ಹೊಗೆ ಎಣಿಸಿದರೆ ಸಾಕು ಎಂಬುದು ರೂಢಿಯಾಗಿಬಿಟ್ಟಿತ್ತು.

ಈಗ ಅಲ್ಲಿ ಉಳಿದವಳು ಅವಳ ದೊಡ್ಡಮ್ಮ ಒಬ್ಬಳೇ. ತಾಯಿ ಹೋದ ಮೇಲೆ ಇವಳನ್ನು ಸಾಕಿದವಳು. ಪಕ್ಕದ ಮನೆಯ ಟೇಲರ್ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಮೇಲಿನ ಮನೆಯ ಸೂಲಗಿತ್ತಿ ಅವನ ಹಿಂದೆಯೇ ಹೋದಳು. ಮಂಡಿನೋವಿನ ದೊಡ್ಡಮ್ಮ ಜಾರಿ ಬಿದ್ದರೆ ಕೂಗು ಕೇಳುವುದಕ್ಕೂ ನರಪಿಳ್ಳೆಯಿಲ್ಲ. ಕೆಳಗೆ ಬಾ ಎಂದು ಇವಳು ಎಷ್ಟು ಗೋಗರೆದರೂ ದೊಡ್ಡಮ್ಮ ಜಗ್ಗಲಿಲ್ಲ. ನೀರು ನಿಂತರೆ ಬರಲೇಬೇಕಲ್ಲ ಎಂದು ಇವಳು ಒಳಗೊಳಗೇ ಕಾದಳು. ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಮಂಚವನ್ನೂ ಹಾಕಿಸಿಟ್ಟಳು.

ಆದರೆ ಹೊಗೆ ನಿಲ್ಲಲಿಲ್ಲ. ಬೆಳಗಾದರೆ ಮೂರು ಹೊಗೆಗೂಡುಗಳಿಂದಲೂ ಏಳುತ್ತಿತ್ತು.

ಇದೆಲ್ಲ ದೊಡ್ಡಮ್ಮನದೇ ಕಿತಾಪತಿ ಎಂದುಕೊಂಡಳು. ಇಂಜಿನಿಯರ್ ಪರಿಶೀಲನೆಗೆ ಬರುತ್ತಾರೆಂಬ ಸುದ್ದಿ ಬಂದ ಕೂಡಲೇ ಗುಡ್ಡ ಹತ್ತಿದಳು.

"ಪಾಳು ಮನೆಗಳಲ್ಲೆಲ್ಲ ಒಲೆ ಹಚ್ಚಿಕೊಂಡು ಓಡಾಡ್ತೀಯಾ? ಬಿದ್ದು ಕಾಲು ಮುರ್ಕೊಂಡ್ರೆ ಏನ್ ಗತಿ ದೊಡ್ಡಮ್ಮ?"

"ಬಚ್ಚಲಿಗೆ ಹೋಗ್ಬೇಕಾದ್ರೇ ಗೋಡೆ ಹಿಡ್ಕೊಂಡು ಹೋಗ್ತೀನಿ ಕಣೆ. ನಾನು ಓಡಾಡೋದಾ? ಓದಿಸಿದ್ದು ದಂಡ ಆಯ್ತು ನಿನ್ನ."

"ಮತ್ತೆ ಹಚ್ಚೋದು ಯಾರು?"

"ಅವರವರ ಮನೆ ಒಲೆ ಅವರವರು ಹಚ್ಕೋತಾರೆ," ಎಂದು ದೊಡ್ಡಮ್ಮ ಅವರೆಕಾಯಿ ಬಿಡಿಸುವುದನ್ನು ಮುಂದುವರಿಸಿದಳು.

ಅವಳು ನಂಬಲಿಲ್ಲ. ರಾತ್ರಿ ಅಲ್ಲೇ ಉಳಿದು, ಮರುದಿನ ದೊಡ್ಡಮ್ಮನಿಗಿಂತ ಮುಂಚೆ ಎದ್ದು, ಅಗುಳಿ ಹಾಕಿದ್ದ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ದೊಡ್ಡಮ್ಮ ಎದ್ದಳು, ಒಲೆ ಹಚ್ಚಿದಳು, ಕಾಫಿಗೆ ನೀರಿಟ್ಟಳು. ಕಿಟಕಿಯಾಚೆ ನಿಧಾನವಾಗಿ ಬೆಳಕಾಯಿತು. ಟೇಲರನ ಮನೆಯ ಹೆಂಚಿನ ಮೇಲೆ ತೆಳ್ಳನೆಯ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಸೂಲಗಿತ್ತಿಯ ಮನೆಯಿಂದಲೂ.

ಅವಳು ಹೊರಗೆ ಹೋದಳು. ಟೇಲರನ ಬಾಗಿಲಿಗೆ ಹಾಕಿದ್ದ ಬೀಗ ತುಕ್ಕು ಹಿಡಿದು ಚಿಲಕಕ್ಕೇ ಅಂಟಿಕೊಂಡಿತ್ತು. ಹೊಸಿಲಿನ ಮುಂದೆ ಮೊಣಕಾಲುದ್ದ ಹುಲ್ಲು, ಯಾರೂ ತುಳಿದಿರಲಿಲ್ಲ. ಹಿಂದಕ್ಕೆ ಹೋಗಿ ಅಡುಗೆಮನೆಯ ಗೋಡೆಗೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಒಳಗೆ ಯಾರೋ ಪಾತ್ರೆ ಸರಿಸಿದ ಸದ್ದಾಯಿತು. ಸೂಲಗಿತ್ತಿಯ ಮನೆಯವರೆಗೆ ಹೋಗುವ ಧೈರ್ಯ ಅವಳಿಗೆ ಆಗಲಿಲ್ಲ.

"ಇವತ್ತೇ ನನ್ನ ಜೊತೆ ಹೊರಡು ದೊಡ್ಡಮ್ಮ," ಎಂದಳು. "ಇಲ್ಲಿ ನೀನೊಬ್ಬಳೇ ಇರ್ಬೇಡ."

"ಒಬ್ಬಳೇ ಎಲ್ಲಿದೀನಿ?" ದೊಡ್ಡಮ್ಮ ನಕ್ಕು ಕಾಫಿ ಲೋಟ ಕೊಟ್ಟಳು. "ನೀರು ನಿಂತ್ರೆ ಬರ್ತೀನಿ ಕಣೆ, ಬರದೆ ಏನು ಮಾಡ್ಲಿ. ಅವರೂ ನನ್ನ ಹಿಂದೇನೇ ಬರ್ತಾರೆ ಅಷ್ಟೆ. ಅವರಿಗೂ ನೀರು ಬೇಕಲ್ಲ? ಜಾಗ ಇದೆಯಾ ನಿನ್ನ ಮನೇಲಿ?"

ಅವಳು ಒಬ್ಬಳೇ ಇಳಿದು ಬಂದಳು. ದಾರಿಯುದ್ದಕ್ಕೂ ಹಿಂತಿರುಗಿ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಇಂಜಿನಿಯರ್ ಪಂಪ್‌ಹೌಸಿನ ಮುಂದೆ ಜೀಪು ನಿಲ್ಲಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ನೋಡಿದರು.

"ಮೂರು ಕಾಣ್ತಿದೆ. ಆದ್ರೆ ಹೊಗೆ ಯಾರು ಬೇಕಾದ್ರೂ ಎಬ್ಬಿಸಬಹುದಮ್ಮ. ನೀವು ಹೋಗಿ ಬಂದ್ರಂತಲ್ಲ. ಆ ಮನೆಗಳಲ್ಲಿ ನಿಜವಾಗ್ಲೂ ಯಾರಾದ್ರೂ ಇದಾರಾ?"

ಬೀಗ ಹಾಕಿದೆ ಸಾರ್ ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ವಾರದೊಳಗೆ ದೊಡ್ಡಮ್ಮ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಇಷ್ಟು ದಿನ ಕಾದಿದ್ದೂ ಅದಕ್ಕೇ. ಅವಳಿಗೆ ಹಿಂದಿನ ಕೋಣೆ ನೆನಪಾಯಿತು. ಆ ಮಂಚದ ಮೇಲೆ ದೊಡ್ಡಮ್ಮ. ಪಕ್ಕದ ಅಡುಗೆಮನೆಯ ಕತ್ತಲಲ್ಲಿ ಮೆಲ್ಲಗೆ ಪಾತ್ರೆ ಸರಿಸುವ ಸದ್ದು.

"ಇದಾರೆ ಸಾರ್," ಎಂದಳು.

"ಎಲ್ಲರೂ ವಯಸ್ಸಾದವರೇನೋ?"

"ಹೂಂ ಸಾರ್. ಎಲ್ಲಿಗೂ ಹೋಗೋರಲ್ಲ."

ಅವರು ತಲೆಯಾಡಿಸಿ ಜೀಪು ಹತ್ತಿದರು. ಅವಳು ಒಳಗೆ ಹೋಗಿ ಮೋಟರ್ ಹಾಕಿದಳು. ಕೊಳವೆ ಒಮ್ಮೆ ನಡುಗಿ, ನೀರು ಕಣಿವೆಯತ್ತ ಹೊರಟಿತು. ದಿನವೂ ನೀರು ಬಿಡುವ ಹೊತ್ತು ಮುಗಿದರೂ ಅವಳು ಮೋಟರ್ ಆರಿಸಲಿಲ್ಲ. ಯಾರಿಗೂ ಕಡಿಮೆ ಬೀಳದಿರಲಿ ಎಂದು ಇನ್ನಷ್ಟು ಹೊತ್ತು ಹಾಗೆಯೇ ಬಿಟ್ಟಳು.